ಹಕ್ಕಿ ಜ್ವರದ ಅಂತರರಾಷ್ಟ್ರೀಯ ಸಹಕಾರ: ಕೋಳಿ ಶೆಡ್ಡಿನವರೆಗೆ ಬರುವುದೆಷ್ಟು?

ಪ್ರಶ್ನೆ: ಗಂಗಾವತಿಯ ಕೋಳಿ ಸಾಕಣೆದಾರ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಸ್ವಲ್ಪ ದೂರದಲ್ಲಿ, ಭತ್ತದ ಗದ್ದೆಗಳ ನಡುವೆ, ಆರು ನೂರು ಸ್ವರ್ಣಧಾರ ಕೋಳಿಗಳನ್ನು ಸಾಕಿಕೊಂಡಿದ್ದೇನೆ. 2025ರ ಆರಂಭದಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡು, ಅದರ ಬೆನ್ನಲ್ಲೇ ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲೂ ದೃಢಪಟ್ಟಾಗ, ನನ್ನ ಶೆಡ್ಡಿನಲ್ಲಿ ಒಂದು ಕೋಳಿಯೂ ಸಾಯದಿದ್ದರೂ ಎರಡು ವಾರ ಸಂತೆಯಲ್ಲಿ ಕೇಳುವವರೇ ಇರಲಿಲ್ಲ. ಫೀಡಿನ ಖರ್ಚು ಮಾತ್ರ ನಿಲ್ಲಲಿಲ್ಲ.

ಇಂತಹ ರೋಗಗಳನ್ನು ಎದುರಿಸಲು ಭಾರತಕ್ಕೆ ವಿಶ್ವ ಬ್ಯಾಂಕಿನಲ್ಲಿರುವ ಪ್ಯಾಂಡೆಮಿಕ್ ಫಂಡ್‌ನಿಂದ 2.5 ಕೋಟಿ ಡಾಲರ್ ಮಂಜೂರಾಗಿದೆ ಎಂದು 2024ರಲ್ಲಿ ಪತ್ರಿಕೆಯಲ್ಲಿ ಓದಿದ್ದೆ. ದೇಶದೇಶಗಳ ನಡುವಿನ ಈ ಸಹಕಾರದಿಂದ ನಿಜವಾಗಿ ಆಗುವ ಕೆಲಸವೇನು? ನಾಳೆ ಬೆಳಿಗ್ಗೆ ನನ್ನ ಶೆಡ್ಡಿನಲ್ಲಿ ಹತ್ತು ಕೋಳಿ ಸತ್ತು ಬಿದ್ದಿದ್ದರೆ ನನಗೆ ಅದರಿಂದ ಏನು ಉಪಯೋಗ? ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಪಶುವೈದ್ಯ, ಸಿಂಧನೂರು

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಹತ್ತು ಕೋಳಿ ಸತ್ತರೆ ಅದು ಹಕ್ಕಿ ಜ್ವರವೋ ಕೊಕ್ಕರೆ ರೋಗವೋ (ರಾಣಿಖೇತ್) ಎಂದು ಕಣ್ಣಿನಿಂದ ನೋಡಿ ಹೇಳಲು ನನ್ನಂತಹ ಮೂವತ್ತು ವರ್ಷ ಸೇವೆ ಮಾಡಿದವನಿಗೂ ಆಗುವುದಿಲ್ಲ. ಎರಡರಲ್ಲೂ ಕೋಳಿ ತೂಕಡಿಸುತ್ತದೆ, ಉಸಿರಿಗೆ ಒದ್ದಾಡುತ್ತದೆ, ಒಟ್ಟೊಟ್ಟಿಗೆ ಸಾಯುತ್ತದೆ. ಗಂಟಲಿನಿಂದ ಮತ್ತು ಮಲದ್ವಾರದಿಂದ ಸ್ವಾಬ್ ತೆಗೆದು, ಸಣ್ಣ ಸೀಸೆಗಳಲ್ಲಿಟ್ಟು, ಮೂರು ಪದರ ಪ್ಯಾಕ್ ಮಾಡಿ, ಐಸ್ ಪೆಟ್ಟಿಗೆಯಲ್ಲಿ ಕಳುಹಿಸಿದ ಮೇಲೆ ಭೋಪಾಲದ ಉನ್ನತ ಭದ್ರತೆಯ ಪ್ರಾಣಿ ರೋಗ ಪ್ರಯೋಗಾಲಯ ಹೇಳಿದ್ದೇ ಅಂತಿಮ. ಐಸ್ ಕರಗಿದರೆ ಮಾದರಿಯೂ ಕೆಟ್ಟಂತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲನ್ನು ನಾನು ವಿವರಿಸಬೇಕಾಗಿಲ್ಲ.

ಸಹಕಾರದ ಫಲ ಕಾಣುವುದು ಇಲ್ಲಿಯೇ. ಭೋಪಾಲದ ಆ ಪ್ರಯೋಗಾಲಯವು ಹಕ್ಕಿ ಜ್ವರಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಉಲ್ಲೇಖ ಪ್ರಯೋಗಾಲಯವಾಗಿರುವುದರಿಂದ, ಅಲ್ಲಿನ ಫಲಿತಾಂಶವನ್ನು ಹೊರದೇಶದವರೂ ನಂಬುತ್ತಾರೆ. ದೇಶಗಳು ಹೀಗೆ ಕೈಜೋಡಿಸಲು ಕಾರಣವಿದೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಕ್ಕಿ ಜ್ವರದ ಎಚ್5ಎನ್1 ವೈರಸ್ ಕೋಳಿಯಿಂದ ಹದಿನೆಂಟು ಜನರಿಗೆ ತಗುಲಿ ಆರು ಮಂದಿ ತೀರಿಕೊಂಡರು. 2006ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ನಡೆದ ಸಮಾವೇಶದಲ್ಲಿ ಬಡ ದೇಶಗಳ ಸಿದ್ಧತೆಗಾಗಿ ಸುಮಾರು 190 ಕೋಟಿ ಡಾಲರ್ ನೆರವಿನ ಭರವಸೆ ಸಿಕ್ಕಿತು. ಮರುತಿಂಗಳೇ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಪ್ರಕರಣ ಪತ್ತೆಯಾಯಿತು. ನೀವು ಹೇಳುವ 2.5 ಕೋಟಿ ಡಾಲರ್ ಕೂಡ ಪ್ರಯೋಗಾಲಯ, ರೋಗದ ಕಣ್ಗಾವಲು, ಗಡಿಯಾಚೆಗಿನ ಮಾಹಿತಿ ವಿನಿಮಯ ಮುಂತಾದ ಕೆಲಸಗಳಿಗೇ ಹೊರತು ಸಾಕಣೆದಾರನ ಕೈಗೆ ಕೊಡುವುದಕ್ಕಲ್ಲ.

ಉತ್ತರ 2: ಹಿನ್ನೀರಿನ ಹಕ್ಕಿ ವೀಕ್ಷಕ, ಮುನಿರಾಬಾದ್

ಒಂದು ಮಾತು ಸೇರಿಸುತ್ತೇನೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಈ ರೋಗದಿಂದ ಸಾವಿರಾರು ಕಾಡುಹಕ್ಕಿಗಳು ಸತ್ತಾಗ ಹೆಚ್ಚು ಬಲಿಯಾದದ್ದು ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ತುಂಗಭದ್ರಾ ಹಿನ್ನೀರಿಗೆ ಬಂದು, ದಂಡೆಯ ಹೊಲಗಳಲ್ಲಿ ಮೇಯುವುದೂ ಅದೇ ಜಾತಿ. ಹಾಗೆಂದು ಅವುಗಳನ್ನು ಪಟಾಕಿ ಹಚ್ಚಿ ಓಡಿಸಬಾರದು. ಓಡಿಸಿದರೆ ಇನ್ನೊಂದು ಕೆರೆಗೆ ಹೋಗುತ್ತವೆ, ಅಷ್ಟೆ. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ರೋಗ ಹೊರುವುದು ಬಹಳ ಸಲ ಮೊಟ್ಟೆಯ ಟ್ರೇ, ಕೋಳಿ ಸಾಗಿಸುವ ಗಾಡಿ ಮತ್ತು ನಮ್ಮ ಚಪ್ಪಲಿ.

ಉತ್ತರ 3: ಉಪನ್ಯಾಸಕಿ, ಬಳ್ಳಾರಿ

ಡಾಕ್ಟರ್ ಸರ್ ಹೇಳಿದ್ದು ಸರಿ, ಆದರೆ ಸಹಕಾರ ಎಂಬುದು ಅಷ್ಟು ಸಲೀಸಾಗಿ ನಡೆದುಬಂದಿಲ್ಲ. 2007ರ ಹೊತ್ತಿಗೆ ಇಂಡೊನೇಷ್ಯಾ ತನ್ನಲ್ಲಿ ಸಿಕ್ಕ ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಕಳುಹಿಸುವುದನ್ನೇ ನಿಲ್ಲಿಸಿತ್ತು. ಮಾದರಿ ನಮ್ಮದು, ಅದರಿಂದ ಲಸಿಕೆ ತಯಾರಿಸುವವರು ಶ್ರೀಮಂತ ದೇಶದವರು, ಕೊನೆಗೆ ಆ ಲಸಿಕೆ ನಮಗೆ ಕೈಗೆಟುಕುವುದಿಲ್ಲ ಎಂಬುದು ಅದರ ವಾದವಾಗಿತ್ತು. ಹಟ ಎಂದು ಹಲವರು ಜರಿದರೂ, ಆ ಹಟದಿಂದಲೇ 2011ರಲ್ಲಿ ಆ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆಯು ಒಂದು ಚೌಕಟ್ಟನ್ನು ಒಪ್ಪಿಕೊಂಡಿತು: ದೇಶಗಳು ಮಾದರಿ ಕೊಡಬೇಕು, ಲಸಿಕೆ ಕಂಪನಿಗಳು ಹಣವನ್ನೂ ಲಸಿಕೆಯ ಪಾಲನ್ನೂ ಕೊಡಬೇಕು. 2025ರ ಮೇ ತಿಂಗಳಲ್ಲಿ ಅದೇ ಸಭೆಯಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದದಲ್ಲಿ ಈ ಪಾಲನ್ನು ಶೇಕಡಾ 20 ಎಂದು ಇಟ್ಟುಕೊಂಡಿದ್ದು, ಅದರಲ್ಲಿ ಅರ್ಧದಷ್ಟಾದರೂ ದಾನವಾಗಿರಬೇಕು ಎಂದಿದೆ. ಆದರೆ ಮಾದರಿ ಹಂಚಿಕೆಯ ವಿವರಗಳ ಅನುಬಂಧವನ್ನು ಮುಂದಿನ ಮಾತುಕತೆಗೆ ಬಿಟ್ಟರು. ಮದುವೆ ನಿಶ್ಚಯವಾಗಿ ಕೊಡುಕೊಳ್ಳುವ ಮಾತು ಹಾಗೆಯೇ ಉಳಿದಂತೆ.

ಪ್ರಶ್ನೆ ಕೇಳಿದವರು

ಮೇಡಂ ಅವರು ಹೇಳಿದ ಇಂಡೊನೇಷ್ಯಾದ ದೂರು ಓದಿ ನನಗೆ ನಮ್ಮದೇ ಕಥೆ ಎನ್ನಿಸಿತು. ನಾನು ಫೋನ್ ಮಾಡಿ ತಿಳಿಸಿದರೆ, ರೋಗ ದೃಢಪಟ್ಟ ಸ್ಥಳದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಂದು ಹೂಳುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು ಇಡುತ್ತಾರೆ. ಪರಿಹಾರ ಸಿಗುವುದು ಕೊಂದ ಕೋಳಿಗೆ ಮಾತ್ರ, ತಾನಾಗಿ ಸತ್ತದ್ದಕ್ಕಲ್ಲ. ನೆರೆಯವರ ದೃಷ್ಟಿಯಲ್ಲಿ ಅವರ ಕೋಳಿಗಳನ್ನು ಕೊಲ್ಲಿಸಿದವನು ನಾನೇ ಆಗುತ್ತೇನೆ. ಹೀಗಿರುವಾಗ ಯಾರು ಮುಂದೆ ಬಂದು ಹೇಳುತ್ತಾರೆ?

ಉತ್ತರ 1: ನಿವೃತ್ತ ಪಶುವೈದ್ಯ, ಸಿಂಧನೂರು

ನಿಮ್ಮ ದೂರು ನ್ಯಾಯವಾದದ್ದು, ನಾನು ಅಲ್ಲಗಳೆಯುವುದಿಲ್ಲ. ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುವ ಆ ಪರಿಹಾರದಲ್ಲಿ ಮೊದಲು ಸತ್ತ ಕೋಳಿಗೂ ಸ್ವಲ್ಪ ಪಾಲು ಇಟ್ಟಿದ್ದರೆ, ಸಾಕಣೆದಾರರು ಮೂರು ದಿನ ಕಾದು ನೋಡುವ ಬದಲು ಮೊದಲ ದಿನವೇ ಫೋನ್ ಮಾಡುತ್ತಿದ್ದರು ಎಂಬುದು ನನ್ನ ಅಭಿಪ್ರಾಯ. ಆದರೆ ಈಗಿನ ನಿಯಮದಲ್ಲೂ ಲೆಕ್ಕ ಹಾಕಿ ನೋಡಿ: ತಡ ಮಾಡಿದಷ್ಟೂ ತಾವಾಗಿ ಸಾಯುವ ಕೋಳಿ ಹೆಚ್ಚು, ಪರಿಹಾರಕ್ಕೆ ಉಳಿಯುವುದು ಕಡಿಮೆ. ಆದ್ದರಿಂದ ದಿನವೂ ಎಷ್ಟು ಸತ್ತವು, ಎಷ್ಟು ಮಾರಿದಿರಿ, ಎಷ್ಟು ಉಳಿದಿವೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪರಿಹಾರದ ಅರ್ಜಿಯ ಹೊತ್ತಿಗೆ ನಿಮ್ಮ ಮಾತಿಗೆ ಅದೇ ಸಾಕ್ಷಿ.

ಇನ್ನೊಂದು ವಿನಂತಿ. ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ತುಂಗಭದ್ರಾ ಎಡದಂಡೆ ಕಾಲುವೆಗೆ ಎಸೆಯಲು ಯಾರಿಗೂ ಬಿಡಬೇಡಿ. ಗಂಗಾವತಿಯಲ್ಲಿ ಎಸೆದದ್ದು ತೇಲಿ ನಮ್ಮ ಸಿಂಧನೂರಿನ ಕಡೆಗೇ ಬರುತ್ತದೆ.