ಮೋಟರ್‌ಹೋಮ್‌ಗೆ ‘ಬೀಡುಗಾಡಿ’ ಒಪ್ಪುತ್ತದಾ? ಜೊತೆಗೆ ‘ಹತ್ತು’, ‘ಜಾರುಬಂಡೆ’, ‘ಬೈಕ್’

ಗೆಳೆಯರೇ, ನಮಸ್ಕಾರ.

ಮೋಟರ್‌ಹೋಮ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಒಳಗೇ ಹಾಸಿಗೆ, ಒಲೆ, ಸಿಂಕು, ಬಚ್ಚಲು, ಕಕ್ಕಸು ಎಲ್ಲ ಇರುತ್ತದೆ. ಬೇರೆ ವಾಹನ ಎಳೆಯಬೇಕಿಲ್ಲ, ತನ್ನದೇ ಎಂಜಿನ್ ಇರುತ್ತದೆ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗಳು ಮತ್ತು ಅವಳ ಗಂಡ ಇಂಥದ್ದೊಂದನ್ನು ಬಾಡಿಗೆಗೆ ಹಿಡಿದು ಯೂಟಾ ರಾಜ್ಯ ಸುತ್ತಿ ಬಂದರು. ಮೋಆಬ್ ಊರಿನ ಹತ್ತಿರ ಸೈಕಲ್ ತುಳಿದರು. ಇಂಡಿಯನ್ ಕ್ರೀಕ್‌ನಲ್ಲಿ ಬಂಡೆ ಹತ್ತಿದರು. ಜಾಯನ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟ ನಡೆದರು. ಅವಳು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಚಿಕ್ಕಮಗಳೂರಿನಲ್ಲಿರುವ ನಮ್ಮ ಅಮ್ಮ ಮತ್ತು ಅವರ ವಾರಿಗೆಯವರು. ಮೊಮ್ಮಗಳು ಏನೇನು ಮಾಡಿದಳು ಅನ್ನುವುದು ಇವರ ಕಣ್ಣಿಗೆ ಕಟ್ಟಬೇಕು. ನಿಘಂಟು ನೋಡಿ ಎರಡು ಪದ ಅಂಟಿಸಿದರೆ ಅದು ಆಗುವುದಿಲ್ಲ.

‘ಕ್ಯಾರವಾನ್’ ಅಂತಲೇ ಬಿಡಬಹುದು, ಪತ್ರಿಕೆಗಳಲ್ಲಿ ಹಾಗೇ ಬರುತ್ತದೆ. ಆದರೆ ನಮ್ಮಲ್ಲಿ ಆ ಮಾತು ಕೇಳಿದ ತಕ್ಷಣ ಜನಕ್ಕೆ ನೆನಪಾಗುವುದು ಸಿನಿಮಾ ನಟರು ಕೂರುವ ವ್ಯಾನು. ‘ಸಂಚಾರಿ ಮನೆ’ ಅಂದರೆ ಸಂಚಾರಿ ಗ್ರಂಥಾಲಯ, ಸಂಚಾರಿ ಆಸ್ಪತ್ರೆಯ ಸಾಲಿಗೆ ಸೇರಿ ಸರ್ಕಾರಿ ಯೋಜನೆಯ ಹಾಗೆ ಕೇಳುತ್ತದೆ. ‘ಚಲಿಸುವ ಮನೆ’ ಅನ್ನುವುದು ವಿವರಣೆ, ಹೆಸರಲ್ಲ. ಫೋಟೋ ನೋಡಿದ ಅಮ್ಮ ‘ಕಮಾನುಗಾಡಿ’ ಅಂದರು. ಅವರ ಕಾಲದಲ್ಲಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವುದು, ದಾರಿಯಲ್ಲಿ ತೋಪಿನಲ್ಲಿ ಎತ್ತು ಬಿಚ್ಚುವುದು, ಕಲ್ಲು ಹೂಡಿ ಅಡುಗೆ ಮಾಡುವುದು ಇತ್ತು. ಕೆಲಸ ಎರಡರದ್ದೂ ಒಂದೇ. ಆದರೆ ಕಮಾನು ಅಂದರೆ ಬಿದಿರು ಬಗ್ಗಿಸಿ ಕಟ್ಟಿದ ಮುಚ್ಚಿಗೆ. ಈ ಗಾಡಿಗೆ ಅದಿಲ್ಲ.

ನನ್ನ ಮನಸ್ಸು ಇರುವುದು ‘ಬೀಡು’ ಮೇಲೆ. ಕೆಡು–ಕೇಡು, ಪಡು–ಪಾಡು ಇರುವ ಹಾಗೆ ಬಿಡು–ಬೀಡು. ಹಳೇ ಕಾವ್ಯಗಳಲ್ಲಿ ದಂಡು ಇಳಿದುಕೊಂಡ ಜಾಗ ಬೀಡು. ಹಾಸನ ಜಿಲ್ಲೆಯ ಹಳೇಬೀಡಿನ ಹೆಸರಿನಲ್ಲೇ ಅದು ಕೂತಿದೆ. ಆ ಊರು ಆಗ ದೋರಸಮುದ್ರ. ಹೊಯ್ಸಳ ಶಾಸನಗಳಲ್ಲಿ ಅರಸರು ಅಲ್ಲಿನ ‘ನೆಲೆವೀಡಿನೊಳು ಸುಖಸಂಕಥಾವಿನೋದದಿಂ’ ಆಳುತ್ತಿದ್ದರು ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಆ ‘ನೆಲೆವೀಡು’ ನೋಡಿ. ಬೀಡು ಅನ್ನುವುದೇ ಕಾಯಂ ಜಾಗ ಆಗಿದ್ದರೆ ಅದಕ್ಕೆ ‘ನೆಲೆ’ ಸೇರಿಸಬೇಕಾಗಿರಲಿಲ್ಲ ಅಲ್ವಾ? ಬರೀ ಬೀಡು ಅಂದರೆ ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ. ಅದೇ ಪದ ಘಟ್ಟ ಇಳಿದ ಮೇಲೆ ದೊಡ್ಡ ಮನೆಯ ಹೆಸರಾಗಿದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮನೆಗೆ ಬೀಡು ಅಂತಲೇ ಹೆಸರು. ತಂಗುವ ಜಾಗ, ವಾಸದ ಮನೆ ಎರಡನ್ನೂ ಹೊತ್ತ ಪದ ಇದು. ಮೋಟರ್‌ಹೋಮ್‌ಗೆ ಬೇಕಾಗಿರುವುದೂ ಇದೇ ಜೋಡಿ ಅರ್ಥ. ಅದಕ್ಕೇ ‘ಬೀಡುಗಾಡಿ’ ಅಂತ ಬರೆದುಕೊಂಡಿದ್ದೇನೆ.

ಪದ ಸತ್ತಿಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಕಡೆಯ ಪತ್ರಿಕೆ ತೆಗೆಯಿರಿ. ಸಕಲೇಶಪುರ, ಆಲೂರು, ಬೇಲೂರಿನ ಸುದ್ದಿಯಲ್ಲಿ ‘ಕಾಡಾನೆಗಳು ತೋಟದಲ್ಲಿ ಬೀಡುಬಿಟ್ಟಿವೆ’ ಅಂತ ಇದ್ದೇ ಇರುತ್ತದೆ. ಆನೆ ಕಾಟದಿಂದ ಬೆಳೆಗಾರರು, ಕೂಲಿಯವರು ಪಡುವ ಪಾಡು ಚಿಕ್ಕದಲ್ಲ. ಆದರೆ ‘ಬೀಡುಬಿಡು’ ಅನ್ನುವ ಕ್ರಿಯಾಪದ ಶಾಲೆಗೆ ಹೋಗದವರಿಗೂ ಗೊತ್ತಿರುವುದು ಈ ಸುದ್ದಿಗಳಿಂದಲೇ ಅಂತ ನನಗೆ ಅನಿಸುತ್ತದೆ. ಅಕ್ಕನ ಮಗಳ ಬರಹದಲ್ಲಿ ‘ಆ ರಾತ್ರಿ ಕೊಲರಾಡೋ ನದಿಯ ದಂಡೆಯಲ್ಲಿ ಬೀಡುಬಿಟ್ಟೆವು’ ಅಂತ ಹಾಕಿದೆ. ಅಮ್ಮ ಎಲ್ಲೂ ತಡೆಯದೆ ಓದಿಕೊಂಡು ಹೋದರು. ಕ್ರಿಯಾಪದವೇ ಅಷ್ಟು ಕೆಲಸ ಮಾಡುವುದಾದರೆ ನಾಮಪದ ಸುಮ್ನೆ ‘ಗಾಡಿ’ ಅಂತ ಇದ್ದರೂ ನಡೆಯುತ್ತದೇನೋ.

ಒಂದು ತೊಡಕಿದೆ. ‘ಬೀಡುಗಾಡಿ’ ಅಂತ ಜೋರಾಗಿ ಹೇಳಿ ನೋಡಿ. ‘ಬೀಡಾಡಿ’ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಬೀಡಾಡಿ ದನ ಅಂತೀವಲ್ಲ, ಅದು. ಇದನ್ನು ತಪ್ಪಿಸಲು ‘ಬಿಡಾರ’ ಇದೆ. ಯಕ್ಷಗಾನ ಮೇಳದವರು ಇಳಿದುಕೊಳ್ಳುವ ಜಾಗ ಬಿಡಾರ. ಕರಾವಳಿಯಲ್ಲಿ ಬಾಡಿಗೆ ಮನೆಗೂ ಬಿಡಾರ ಅನ್ನುತ್ತಾರೆ. ‘ಬಿಡಾರಗಾಡಿ’ ಬಾಯಿಗೂ ಸಲೀಸು. ಆದರೆ ಚಿಕ್ಕಮಗಳೂರು ಪೇಟೆ ಕಡೆ ನಾನು ‘ಬಿಡಾರ’ ಜಾಸ್ತಿ ಕೇಳಿಲ್ಲ. ಶೃಂಗೇರಿ, ಕೊಪ್ಪ, ಮೂಡಿಗೆರೆಯವರು ಮನೆಯಲ್ಲಿ ಈ ಪದ ಬಳಸುತ್ತೀರಾ? ಯಾವುದಕ್ಕೆ?

ಇದರ ಜೊತೆಗೆ ‘ತಾಂಡಾ’ ಕೂಡ ಯೋಚಿಸಬೇಕು. ಪರ್ಶಿಯನ್ನಿನಲ್ಲಿ ಕಾರವಾನ್ ಅಂದರೆ ಒಟ್ಟಾಗಿ ಸಾಗುವ ವ್ಯಾಪಾರಿಗಳ ಗುಂಪು. ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಸಾಗುತ್ತಿದ್ದಾಗ ಆ ಗುಂಪೇ ತಾಂಡಾ. ಈಗ ಕಡೂರು, ತರೀಕೆರೆ ಕಡೆ ತಾಂಡಾ ಅಂದರೆ ನೆಲೆ ನಿಂತ ಊರು. ಬೀಡು ನಡೆದ ದಾರಿಯಲ್ಲೇ ಇದೂ ನಡೆದಿದೆ. ಅದು ಒಂದು ಸಮುದಾಯದ ಬದುಕಿನ ಪದ, ರಜೆಯ ಗಾಡಿಗೆ ಎತ್ತಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಆ ಸಮುದಾಯದವರು ಏನು ಹೇಳುತ್ತಾರೋ ಕೇಳುವ ಆಸೆ.

ಗಾಡಿಯೊಳಗೆ ಎರಡು ಕೊಳೆನೀರಿನ ತೊಟ್ಟಿ ಇರುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ ಬೂದು ನೀರು, ಕಪ್ಪು ನೀರು ಅನ್ನುವ ಅರ್ಥದ ಹೆಸರು. ಸಿಂಕು, ಸ್ನಾನದ್ದು ಬಚ್ಚಲ ನೀರು, ಇನ್ನೊಂದು ಕಕ್ಕಸಿನ ನೀರು ಅಂತ ಬರೆದೆ. ಇಲ್ಲಿ ಬಣ್ಣ ಬೇಕಿಲ್ಲ.

ಈಗ ಹತ್ತುವ ವಿಷಯ. ಹೈಕಿಂಗ್, ಕ್ಲೈಂಬಿಂಗ್ ಎರಡಕ್ಕೂ ನಾವು ‘ಬೆಟ್ಟ ಹತ್ತೋದು’ ಅನ್ನುತ್ತೇವೆ. ಸರ್ಪದಾರಿ ಹಿಡಿದು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋದರೂ ಹತ್ತೋದೇ. ದೀಪಾವಳಿಯ ನರಕ ಚತುರ್ದಶಿಗೆ ಜನ ಬರಿಗಾಲಲ್ಲಿ, ಜಾರುವ ಮಣ್ಣಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಬಿಂಡಿಗ ದೇವೀರಮ್ಮನ ಬೆಟ್ಟಕ್ಕೆ ಹೋಗುತ್ತಾರಲ್ಲ, ಅದೂ ಹತ್ತೋದೇ. ಅದನ್ನು ಯಾರೂ ಚಾರಣ ಅನ್ನುವುದಿಲ್ಲ. ಇಂಡಿಯನ್ ಕ್ರೀಕ್‌ನಲ್ಲಿ ನಡೆಯುವುದೇ ಬೇರೆ. ಅಲ್ಲಿ ಮರಳುಗಲ್ಲಿನ ಗೋಡೆ ನೆಟ್ಟಗೆ ನಿಂತಿದೆ. ಅದರ ಉದ್ದುದ್ದ ಸೀಳಿನೊಳಗೆ ಕೈ ತೂರಿಸಿ, ಅಂಗೈ ಉಬ್ಬಿಸಿ ಸಿಕ್ಕಿಸಿಕೊಂಡು, ಕಾಲನ್ನೂ ಅದೇ ಸೀಳಿಗೆ ತುರುಕಿ ಮೇಲೆ ಹೋಗಬೇಕು. ಸೊಂಟಕ್ಕೆ ಹಗ್ಗ ಇರುತ್ತದೆ.

ಎರಡಕ್ಕೂ ಒಂದೇ ಪದ ಹಾಕಿದರೆ ಅವಳು ಪಟ್ಟ ಕಷ್ಟ ಓದುವವರಿಗೆ ತಲುಪುವುದಿಲ್ಲ. ‘ಶಿಲಾರೋಹಣ’ ಅಂತ ಪುಸ್ತಕದ ಪದ ಇದೆ, ಅಮ್ಮನಿಗೆ ಅದು ಏನೂ ಹೇಳದು. ‘ಏರು’ ಅನ್ನು ಬಂಡೆಗೆ ಇಟ್ಟು ‘ಹತ್ತು’ ಅನ್ನು ನಡಿಗೆಗೆ ಬಿಡೋಣ ಅಂತ ಕೆಲವರು ಸಲಹೆ ಕೊಟ್ಟರು. ನನಗೆ ಅದು ತಿರುಗಮುರುಗ ಅನಿಸಿತು. ಹಳಗನ್ನಡದಲ್ಲಿ ‘ಪತ್ತು’ ಅಂದರೆ ಅಂಟಿಕೊಳ್ಳು, ಹಿಡಿದುಕೊಳ್ಳು. ಅನ್ನ ತಳ ಹತ್ತಿತು ಅನ್ನುವಾಗ ಆ ಅರ್ಥವೇ ಉಳಿದಿದೆ. ಬೆಂಕಿ ಹತ್ತಿತು, ನಿದ್ದೆ ಹತ್ತಿತು, ‘ಹತ್ತಿರ’ ಎಲ್ಲದರಲ್ಲೂ ತಾಕಿಕೊಳ್ಳುವುದು ಇದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವನು ಮರಕ್ಕೆ ಅಂಟಿಕೊಂಡೇ ಮೇಲೆ ಹೋಗುತ್ತಾನೆ. ಹಾಗಾದರೆ ಬರೀ ಕೈಕಾಲಿನಿಂದ ಬಂಡೆಗೆ ಅಂಟಿಕೊಂಡು ಹೋಗುವುದಕ್ಕೇ ‘ಹತ್ತು’ ಹೆಚ್ಚು ಸಲ್ಲಬೇಕು. ನಾನು ಹೀಗೆ ಹಂಚಿಕೊಂಡಿದ್ದೇನೆ: ಕ್ಲೈಂಬಿಂಗ್ ‘ಬಂಡೆ ಹತ್ತುವುದು’, ಹೈಕಿಂಗ್ ‘ಬೆಟ್ಟದ ನಡಿಗೆ’.

ಜಾಯನ್‌ನ ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಬೆಟ್ಟದ ದಾರಿ ಬಂದಾಗ ಈ ಹಂಚಿಕೆ ಅಲುಗಾಡುತ್ತದೆ. ಅದು ನಡಿಗೆಯ ಲೆಕ್ಕಕ್ಕೇ ಸೇರಿದ್ದು. 2022ರಿಂದ ಅದಕ್ಕೆ ಮುಂಚೆಯೇ ಅನುಮತಿ ಪಡೆಯಬೇಕು. ಆದರೆ ಕೊನೆಯ ಭಾಗದಲ್ಲಿ ಎರಡೂ ಕಡೆ ಪ್ರಪಾತ, ಬಂಡೆಗೆ ಬಡಿದ ಸರಪಳಿ ಹಿಡಿದೇ ಮೇಲೆ ಹೋಗಬೇಕು. ಕೈ ಹಚ್ಚಿದ ಮೇಲೆ ಅದು ಹತ್ತೋದು ಅಂತ ನನ್ನ ತೀರ್ಮಾನ. ನಿಮ್ಮದು?

‘ಚಾರಣ’ ಏಕೆ ಬೇಡ ಅಂತ ಕೇಳಬಹುದು. ಬೇಡ ಅಂತಲ್ಲ, ಪತ್ರಿಕೆಗಳಲ್ಲಿ ಚೆನ್ನಾಗಿ ಬೇರು ಬಿಟ್ಟ ಪದ ಅದು. ಹಳಗನ್ನಡದ ಜೈನ ಕಾವ್ಯಗಳಲ್ಲಿ ಚಾರಣರು ಅಂದರೆ ಆಕಾಶದಲ್ಲಿ ಸಂಚರಿಸುವ ಶಕ್ತಿ ಇದ್ದ ಮುನಿಗಳು. ಶ್ರವಣಬೆಳಗೊಳ ಇರುವ ಜಿಲ್ಲೆಯವರು ಇದನ್ನು ನೆನಪಿಟ್ಟುಕೊಂಡರೆ ನನಗೆ ಖುಷಿ. ಆದರೆ ಅಮ್ಮನ ವಾರಿಗೆಯವರು ‘ಗಿರಿಗೆ ಹೋಗಿದ್ವಿ’ ಅನ್ನುತ್ತಾರೆಯೇ ಹೊರತು ಚಾರಣ ಮಾಡಿದ್ವಿ ಅನ್ನುವುದಿಲ್ಲ.

ಮೋಆಬ್‌ನ ಬಂಡೆಗೆ ಸ್ಲಿಕ್‌ರಾಕ್ ಅಂತ ಹೆಸರು. ಕುದುರೆಯ ಲಾಳದ ಕಬ್ಬಿಣ ಆ ಮರಳುಗಲ್ಲಿನ ಮೇಲೆ ಜಾರುತ್ತಿತ್ತು, ಅದಕ್ಕೆ ಆ ಹೆಸರು. ಸೈಕಲ್ಲಿನ ರಬ್ಬರ್ ಟೈರು ಮಾತ್ರ ಅದರ ಮೇಲೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕನ್ನಡದಲ್ಲಿ ‘ಜಾರುಬಂಡೆ’ ಅಂದರೆ ಪಾರ್ಕಿನಲ್ಲಿ ಮಕ್ಕಳು ಆಡುವುದು. ‘ನುಣುಪುಬಂಡೆ’ ಅಂದರೆ ಟೈರು ಕಚ್ಚುವ ವಿಷಯಕ್ಕೆ ಉಲ್ಟಾ. ‘ಹಾಸುಬಂಡೆ’ ಅಂತ ಹಾಕಿ, ಲಾಳದ ಕಥೆಯನ್ನು ಪಕ್ಕದ ವಾಕ್ಯದಲ್ಲಿ ಹೇಳಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ.

ಬೈಕ್ ವಿಷಯ ಚಿಕ್ಕದು, ಆದರೆ ಎಡವುವ ಜಾಗ. ನಮ್ಮಲ್ಲಿ ಬೈಕ್ ಅಂದರೆ ಮೋಟರ್ ಇರುವುದು, ತುಳಿಯುವುದು ಸೈಕಲ್. ‘ಮೌಂಟೇನ್ ಬೈಕಿಂಗ್’ ಅಂತ ಬರೆದರೆ ವಾರದ ಕೊನೆಗೆ ಗಿರಿಯ ರಸ್ತೆ ತುಂಬುವ ಮೋಟರ್‌ಸೈಕಲ್‌ಗಳೇ ಕಣ್ಣ ಮುಂದೆ ಬರುತ್ತವೆ. ಮೋಆಬ್‌ನ ಹಾಸುಬಂಡೆಯ ದಾರಿಯೂ 1969ರಲ್ಲಿ ಶುರುವಾಗಿದ್ದು ಮೋಟರ್‌ಸೈಕಲ್‌ಗಳಿಗೇ. ಈಗಲೂ ಎರಡೂ ಓಡುತ್ತವೆ. ಹಾಗಾಗಿ ಅಲ್ಲಿ ಯಾವುದು ಯಾವುದು ಅಂತ ಬಿಡಿಸಿ ಹೇಳಲೇಬೇಕು. ‘ಬೆಟ್ಟದ ಸೈಕಲ್’ ಅಂದರೆ ಗೊಂದಲ ಇಲ್ಲ. ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ದಾರಿಗೆ ‘ಕಾಲುದಾರಿ’ ಸಾಕು ಅನಿಸುತ್ತದೆ. ಅಗಲದ್ದಕ್ಕೆ ನಮ್ಮ ತೋಟಗಳ ಕಡೆ ‘ಜೀಪ್ ದಾರಿ’ ಇದ್ದೇ ಇದೆ.

ಇನ್ನೊಂದು ನನಗೆ ಸಿಕ್ಕಿಲ್ಲ. ಬಂಡೆ ಹತ್ತುವಾಗ ಕೆಳಗೆ ಒಬ್ಬರು ಹಗ್ಗ ಹಿಡಿದು ನಿಂತಿರುತ್ತಾರೆ. ಹತ್ತುವವರು ಬಿದ್ದರೆ ತಡೆಯುವುದು ಅವರೇ. ಇಂಗ್ಲಿಷಿನಲ್ಲಿ ಇದಕ್ಕೆ ಬಿಲೇ ಅನ್ನುತ್ತಾರೆ. ‘ಹಗ್ಗ ಕಾಯುವವರು’ ಅಂತ ಹಾಕಿದ್ದೇನೆ, ಹೊಲ ಕಾಯುವವರು ಅನ್ನುವ ಹಾಗೆ. ಮೇಲಿನವರು ಹಗ್ಗ ಬಿಗಿ ಮಾಡಲು, ಸಡಿಲ ಬಿಡಲು ಕೂಗಿ ಹೇಳುತ್ತಾರೆ. ರಾಮನಗರದ ಬಂಡೆಗಳಲ್ಲಿ ಕಲಿತವರು, ಕಲಿಸಿದವರು ಇಲ್ಲಿ ಯಾರಾದರೂ ಇದ್ದರೆ, ಕನ್ನಡದವರು ಅಲ್ಲಿ ಒಬ್ಬರಿಗೊಬ್ಬರು ಏನಂತ ಕೂಗುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.