ಗ್ರೂಪಿಗೆ ಸೇರಿಸಿದರೂ ಎನ್‌ಎಫ್‌ಎಸ್ ಶೇರ್‌ನಲ್ಲಿ ‘ಪರ್ಮಿಷನ್ ಡಿನೈಡ್’: ಕ್ಯಾಶ್ ಅವಧಿ ಎಷ್ಟಿಡಬೇಕು?

ಮೌಂಟ್_ಮಾದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವ್ಯವಸ್ಥೆ) ಸರ್ವರ್, ಆವೃತ್ತಿ 4.2, ಸೆಕ್=ಸಿಸ್ (ಕ್ಲೈಂಟ್ ಹೇಳುವ ಬಳಕೆದಾರ, ಗ್ರೂಪ್ ಸಂಖ್ಯೆಗಳನ್ನೇ ಸರ್ವರ್ ನಂಬುವ ವಿಧಾನ). ಬಳಕೆದಾರರು ಸುಮಾರು 500, ಎಲ್ಲರ ಖಾತೆಯೂ ಆಕ್ಟಿವ್ ಡೈರೆಕ್ಟರಿಯಲ್ಲಿ (ಮೈಕ್ರೋಸಾಫ್ಟ್‌ನ ಕೇಂದ್ರೀಯ ಖಾತೆ ವ್ಯವಸ್ಥೆ). ಸರ್ವರ್, ಕ್ಲೈಂಟ್ ಎರಡರಲ್ಲೂ ಎಸ್‌ಎಸ್‌ಎಸ್‌ಡಿ (ಅಲ್ಲಿಂದ ಖಾತೆ, ಗ್ರೂಪ್ ಮಾಹಿತಿ ತಂದು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಸೇವೆ) ಓಡುತ್ತಿದೆ. ಸೆಕ್=ಸಿಸ್‌ನಲ್ಲಿ ಕ್ಲೈಂಟ್ 16 ಗ್ರೂಪುಗಳನ್ನಷ್ಟೇ ಕಳಿಸಬಲ್ಲದು, ಹಲವರು ಅದಕ್ಕಿಂತ ಹೆಚ್ಚು ಗ್ರೂಪುಗಳಲ್ಲಿ ಇರುವುದರಿಂದ ಮೌಂಟ್‌ಡಿಗೆ (ಎನ್‌ಎಫ್‌ಎಸ್ ಸರ್ವರ್‌ನ ಸಹಾಯಕ ಸೇವೆ) ಮ್ಯಾನೇಜ್-ಜಿಐಡಿಸ್ (ಗ್ರೂಪ್ ಪಟ್ಟಿಯನ್ನು ಸರ್ವರೇ ಹುಡುಕುವ ಆಯ್ಕೆ) ಹಾಕಿದೆ.

ತೊಂದರೆ ಎರಡು. ಯಾರನ್ನಾದರೂ ಹೊಸ ಗ್ರೂಪಿಗೆ ಸೇರಿಸಿದರೆ ಫೋಲ್ಡರ್ ತೆರೆದುಕೊಳ್ಳಲು ಒಮ್ಮೆ ಅರ್ಧ ಗಂಟೆ ಹಿಡಿಯುತ್ತದೆ, ಇನ್ನೊಮ್ಮೆ ಎರಡು ಗಂಟೆ. ಸರ್ವರ್‌ನಲ್ಲಿ ಐಡಿ ಕಮಾಂಡ್ ಕೊಟ್ಟು ನೋಡಿದರೆ ಗ್ರೂಪ್ ಆಗಲೇ ಬಂದಿರುತ್ತದೆ. ಎರಡನೆಯದು, ಡೊಮೈನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿಯ ಸರ್ವರ್) ಸ್ವಲ್ಪ ತಡವರಿಸಿದರೂ ಕೆಲವರಿಗೆ ಗ್ರೂಪ್ ಫೋಲ್ಡರ್‌ಗಳೆಲ್ಲ ಮುಚ್ಚಿಹೋಗುತ್ತವೆ. ಕಂಟ್ರೋಲರ್ ಸರಿಹೋದ ಮೇಲೂ ಹಾಗೇ ಇರುತ್ತವೆ. ಕ್ಯಾಶ್ (ಮತ್ತೆ ಕೇಳದೆ ಬಳಸಲು ಇಟ್ಟುಕೊಂಡ ಉತ್ತರ) ಅವಧಿಯನ್ನು 60 ಸೆಕೆಂಡಿಗೆ ಇಳಿಸಿಬಿಟ್ಟರೆ ಸಾಕೇ?

ಪೋರ್ಟ್2049

60 ಬೇಡ. ಮೊದಲು ಎಲ್ಲೆಲ್ಲಿ ಕ್ಯಾಶ್ ಕೂತಿದೆ ಅಂತ ನೋಡಿ, ಅವುಗಳ ಅವಧಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಮ್ಯಾನೇಜ್-ಜಿಐಡಿಸ್ ಹಾಕಿದ ಮೇಲೆ ಕ್ಲೈಂಟ್ ಕಳಿಸುವ ಗ್ರೂಪ್ ಪಟ್ಟಿಯನ್ನು ಸರ್ವರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸರ್ವರ್‌ನ ಕರ್ನೆಲ್ (ಲಿನಕ್ಸ್‌ನ ತಿರುಳು) ಮೌಂಟ್‌ಡಿಯನ್ನು ಕೇಳುತ್ತದೆ, ಮೌಂಟ್‌ಡಿ ಎಸ್‌ಎಸ್‌ಎಸ್‌ಡಿಯನ್ನು ಕೇಳುತ್ತದೆ. ಬಂದ ಉತ್ತರವನ್ನು ಕರ್ನೆಲ್ 1800 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಎಸ್‌ಎಸ್‌ಎಸ್‌ಡಿಯ ಡೀಫಾಲ್ಟ್ ಅವಧಿ 5400 ಸೆಕೆಂಡ್, ಅದರ ಮೇಲೆ ಮೆಮೊರಿ ಕ್ಯಾಶ್ 300. ತೀರಾ ಕೆಟ್ಟ ಲೆಕ್ಕದಲ್ಲಿ 125 ನಿಮಿಷ. ನಿಮ್ಮ ‘ಎರಡು ಗಂಟೆ’ ಅಲ್ಲಿಂದ ಬಂತು.

ಅರ್ಧ ಗಂಟೆಗೇ ಸರಿಹೋಗುವುದಕ್ಕೂ ಕಾರಣ ಇದೆ. ಅವಧಿಯ ಅರ್ಧ ಕಳೆದ ಮೇಲೆ ಆ ಯುಐಡಿಯಿಂದ (ಬಳಕೆದಾರರ ಸಂಖ್ಯೆ) ಕೋರಿಕೆ ಬಂದರೆ ಕರ್ನೆಲ್ ಹಳೆಯ ಪಟ್ಟಿಯಲ್ಲೇ ಕೆಲಸ ನಡೆಸುತ್ತಾ ಹಿನ್ನೆಲೆಯಲ್ಲಿ ಹೊಸದನ್ನು ತರಿಸುತ್ತದೆ. ಎಸ್‌ಎಸ್‌ಎಸ್‌ಡಿಯೂ ಡೀಫಾಲ್ಟ್ ಆಗಿ ಶೇ. 50ರ ನಂತರ ಹೀಗೇ ಮಾಡುತ್ತದೆ. ಹಾಗಾಗಿ ಬಿಡದೆ ಕೆಲಸ ಮಾಡುತ್ತಿರುವವರಿಗೆ ಬೇಗ ಸಿಗುತ್ತದೆ, ಆಗೊಮ್ಮೆ ಈಗೊಮ್ಮೆ ಬರುವವರಿಗೆ ತಡ.

ಐಡಿ ಕಮಾಂಡ್ ತೋರಿಸುವುದು ಎಸ್‌ಎಸ್‌ಎಸ್‌ಡಿಯ ಉತ್ತರ ಮಾತ್ರ. ಕರ್ನೆಲ್ ಏನು ನಂಬಿಕೊಂಡಿದೆ ಎಂಬುದು ಪ್ರಾಕ್ ಅಡಿಯ ನೆಟ್/ಆರ್‌ಪಿಸಿ/ಆಥ್.ಯುನಿಕ್ಸ್.ಜಿಐಡಿ ಡೈರೆಕ್ಟರಿಯ ‘ಕಂಟೆಂಟ್’ ಕಡತದಲ್ಲಿದೆ. ಸಾಲಿನಲ್ಲಿ ಮೊದಲು ಯುಐಡಿ, ಆಮೇಲೆ ಗ್ರೂಪುಗಳ ಎಣಿಕೆ, ಕೋಲನ್, ಜಿಐಡಿಗಳು (ಗ್ರೂಪ್ ಸಂಖ್ಯೆಗಳು). ‘10457 3: 10000 10021 10088’ ಅಂತಿದ್ದು ಹೊಸ ಜಿಐಡಿ ಇಲ್ಲದಿದ್ದರೆ ಅಡ್ಡಿ ಇಲ್ಲೇ.

ತುರ್ತಿದ್ದಾಗ ಮೊದಲು ಎಸ್‌ಎಸ್‌ಎಸ್_ಕ್ಯಾಶ್ ಕಮಾಂಡಿನಿಂದ ಆ ಬಳಕೆದಾರರ ನಮೂದನ್ನು ಅಮಾನ್ಯ ಮಾಡಿ. ಐಡಿ ಕೊಟ್ಟು ಹೊಸ ಗ್ರೂಪ್ ಬಂತೆಂದು ಖಚಿತವಾದ ಮೇಲಷ್ಟೇ ಅದೇ ಡೈರೆಕ್ಟರಿಯ ‘ಫ್ಲಶ್’ ಕಡತಕ್ಕೆ ಈಗಿನ ಎಪಾಕ್ ಸೆಕೆಂಡ್ (1970ರ ಆರಂಭದಿಂದ ಎಣಿಸಿದ ಸಮಯ) ಬರೆಯಿರಿ. ಕ್ರಮ ತಿರುಗಿಸಿದರೆ ಮೌಂಟ್‌ಡಿ ಹಳೆಯ ಪಟ್ಟಿಯನ್ನೇ ಮತ್ತೆ ತಂದು ಕೊಡುತ್ತದೆ, ಅವಧಿ ಮೊದಲಿಂದ ಶುರು. ಎಕ್ಸ್‌ಪೋರ್ಟ್‌ಎಫ್‌ಎಸ್‌ನ ಫ್ಲಶ್ ಆಯ್ಕೆಯೂ ಆಗುತ್ತದೆ, ಆದರೆ ಅದು ಐಪಿ, ಎಕ್ಸ್‌ಪೋರ್ಟ್, ಫೈಲ್‌ಹ್ಯಾಂಡಲ್ ಕ್ಯಾಶ್‌ಗಳನ್ನೂ ಖಾಲಿ ಮಾಡುತ್ತದೆ. ಒಂದು ಗ್ರೂಪಿಗೋಸ್ಕರ ಅಷ್ಟು ಬೇಕಿಲ್ಲ.

ಕರ್ನೆಲ್_ಕಟ್ಟೆ

ಎರಡನೇ ತೊಂದರೆಗೆ ಉತ್ತರ ಆ ಕಂಟೆಂಟ್ ಕಡತದಲ್ಲೇ ಸಿಗುತ್ತದೆ. ಫೋಲ್ಡರ್ ಮುಚ್ಚಿಹೋದವರ ಯುಐಡಿ ಹುಡುಕಿ. ‘10457 0:’ ಅಂತ ಇರುತ್ತದೆ ನೋಡಿ.

ಮೌಂಟ್‌ಡಿ ಬಳಕೆದಾರರನ್ನು ಹುಡುಕಿ ಸಿಗದಿದ್ದರೆ ಕರ್ನೆಲ್‌ಗೆ ‘ಸಿಗಲಿಲ್ಲ, ಆಮೇಲೆ ಕೇಳು’ ಅನ್ನುವುದಿಲ್ಲ. ಸೊನ್ನೆ ಗ್ರೂಪ್ ಅಂತ ಬರೆದುಕೊಡುತ್ತದೆ, ಅದೂ ಪೂರ್ತಿ ಅವಧಿಯ ಮುದ್ರೆಯೊತ್ತಿ. ಕಂಟ್ರೋಲರ್ ಎರಡು ನಿಮಿಷದಲ್ಲಿ ಎದ್ದರೂ ಆ ಸೊನ್ನೆ ಕನಿಷ್ಠ ಕಾಲು ಗಂಟೆ ಅಲ್ಲೇ ಕೂತಿರುತ್ತದೆ. ಎಸ್‌ಎಸ್‌ಎಸ್‌ಡಿ ತಾನು ಆಫ್‌ಲೈನ್ ಎಂದು ತೀರ್ಮಾನಿಸಿದ ಮೇಲೆ ಹಳೆಯ ಮಾಹಿತಿಯನ್ನೇ ಕೊಡುತ್ತದೆ, ಆಗ ಅಪಾಯ ಕಡಿಮೆ. ಪೆಟ್ಟು ಬೀಳುವುದು ಎಸ್‌ಎಸ್‌ಎಸ್‌ಡಿ ಇನ್ನೂ ಏಳದಿರುವಾಗ, ಅಥವಾ ಅದರ ಡೇಟಾಬೇಸಿನಲ್ಲಿ ಆ ಬಳಕೆದಾರರೇ ಇಲ್ಲದಿರುವಾಗ. ಆದ್ದರಿಂದ ಕಂಟ್ರೋಲರ್ ಕೈಗೆ ಸಿಗದಿರುವಾಗ ಎಸ್‌ಎಸ್‌ಎಸ್‌ಡಿಯ ಡೇಟಾಬೇಸ್ ಕಡತಗಳನ್ನು ಅಳಿಸಲೇಬೇಡಿ. ‘ಕ್ಯಾಶ್ ಕ್ಲಿಯರ್ ಮಾಡಿ ನೋಡಿ’ ಎಂಬ ಸಲಹೆ ಇಲ್ಲಿ ಬೆಂಕಿಗೆ ತುಪ್ಪ. ಸಿಸ್ಟಮ್‌ಡಿಯಲ್ಲಿ ಎನ್‌ಎಫ್‌ಎಸ್-ಮೌಂಟ್‌ಡಿ ಸೇವೆಗೆ ಒಂದು ಡ್ರಾಪ್-ಇನ್ (ಸೆಟ್ಟಿಂಗ್ ಸೇರಿಸುವ ಪುಟ್ಟ ಕಡತ) ಹಾಕಿ, ‘ಆಫ್ಟರ್’ ಸಾಲಿನಲ್ಲಿ ಎಸ್‌ಎಸ್‌ಎಸ್‌ಡಿ ಸೇವೆಯ ಹೆಸರು ಕೊಡಿ. ಸರ್ವರ್ ಬೂಟ್ ಆದ ಬೆನ್ನಿಗೇ ಬರುವ ಸೊನ್ನೆಗಳು ಇದರಿಂದ ನಿಲ್ಲುತ್ತವೆ.

60 ಸೆಕೆಂಡ್ ಯಾಕೆ ಬೇಡ ಅಂದರೆ, ಮೌಂಟ್‌ಡಿ ಡೀಫಾಲ್ಟ್ ಆಗಿ ಒಂದೇ ಥ್ರೆಡ್. ಒಬ್ಬರ ಗ್ರೂಪ್ ಹುಡುಕಾಟ ಕಂಟ್ರೋಲರ್‌ಗಾಗಿ ಕಾಯುತ್ತಾ ನಿಂತರೆ ಹಿಂದಿರುವ ಎಲ್ಲ ಕೋರಿಕೆಗಳೂ ನಿಲ್ಲುತ್ತವೆ, ಹೊಸ ಕ್ಲೈಂಟ್‌ಗಳ ಎಕ್ಸ್‌ಪೋರ್ಟ್ ಪರಿಶೀಲನೆಯೂ ಸೇರಿ. ಅವಧಿ ಚಿಕ್ಕದಾದಷ್ಟೂ ಆ ಸಾಲಿಗೆ ಬಂದು ನಿಲ್ಲುವವರು ಹೆಚ್ಚು. ನಾನಾದರೆ ಇಡುವುದು ಇಷ್ಟು:

ಎನ್‌ಎಫ್‌ಎಸ್.ಕಾನ್ಫ್ ಕಡತದ ಮೌಂಟ್‌ಡಿ ವಿಭಾಗದಲ್ಲಿ ಥ್ರೆಡ್ಸ್=4, ಟಿಟಿಎಲ್=600 (ಕರ್ನೆಲ್ ಉತ್ತರ ಇಟ್ಟುಕೊಳ್ಳುವ ಅವಧಿ). ಹಳೆಯ ಎನ್‌ಎಫ್‌ಎಸ್-ಯುಟಿಲ್ಸ್‌ನಲ್ಲಿ ಟಿಟಿಎಲ್ ಆಯ್ಕೆಯೇ ಇಲ್ಲ, ಮ್ಯಾನ್ ಪುಟ ನೋಡಿಕೊಳ್ಳಿ. ಎಸ್‌ಎಸ್‌ಎಸ್‌ಡಿಯ ಡೊಮೈನ್ ವಿಭಾಗದಲ್ಲಿ ಎಂಟ್ರಿ_ಕ್ಯಾಶ್_ಯೂಸರ್_ಟೈಮ್‌ಔಟ್=600. ಒಬ್ಬ ಬಳಕೆದಾರರ ಗ್ರೂಪ್ ಪಟ್ಟಿಯ ಅವಧಿ ಇದರ ಮೇಲೆ ನಿಂತಿದೆ, ಉಳಿದವು 5400ರಲ್ಲೇ ಇರಲಿ. ಜೊತೆಗೆ ಇಗ್ನೋರ್_ಗ್ರೂಪ್_ಮೆಂಬರ್ಸ್=ಟ್ರೂ (ಗ್ರೂಪಿನ ಸದಸ್ಯರ ಪಟ್ಟಿ ತರಿಸಬೇಡ ಎಂದರ್ಥ). ಸಾವಿರಾರು ಸದಸ್ಯರ ಗ್ರೂಪ್ ಇದ್ದರೆ ಹೆಚ್ಚಿನ ಲಾಭ ಇದರಲ್ಲೇ. ಆಮೇಲೆ ಗೆಟ್‌ಎಂಟ್ ಗ್ರೂಪ್ ಕೊಟ್ಟಾಗ ಸದಸ್ಯರ ಜಾಗ ಖಾಲಿ ಕಾಣುತ್ತದೆ, ಗಾಬರಿ ಬೇಡ, ಐಡಿ ಸರಿಯಾಗೇ ತೋರಿಸುತ್ತದೆ.

ಹೀಗಿಟ್ಟರೆ ಕೆಟ್ಟ ಲೆಕ್ಕ 25 ನಿಮಿಷ (600+600+300 ಸೆಕೆಂಡ್). ಹೊರೆಯೂ ದೊಡ್ಡದಲ್ಲ: 500 ಜನವೂ ಒಟ್ಟಿಗೆ ಕೆಲಸದಲ್ಲಿದ್ದು ಪ್ರತಿ 300 ಸೆಕೆಂಡಿಗೆ (ಅವಧಿಯ ಅರ್ಧ) ಒಮ್ಮೆ ಕೇಳಿದರೂ ಸೆಕೆಂಡಿಗೆ ಎರಡು ಕೋರಿಕೆ ದಾಟುವುದಿಲ್ಲ.

ಇನ್ನೊಂದು, ಎನ್‌ಎಸ್‌ಸಿಡಿ (ಖಾತೆ ಮಾಹಿತಿ ಕ್ಯಾಶ್ ಮಾಡುವ ಇನ್ನೊಂದು ಸೇವೆ) ಓಡುತ್ತಿದ್ದರೆ ಪಾಸ್‌ವರ್ಡ್ ಮತ್ತು ಗ್ರೂಪ್ ಕ್ಯಾಶ್‌ಗಳನ್ನು ಅದರಲ್ಲಿ ಆಫ್ ಮಾಡಿ. ಅದರ ಕಾನ್ಫಿಗ್‌ನಲ್ಲಿ ಗ್ರೂಪಿಗೆ ಸಾಮಾನ್ಯವಾಗಿ 3600 ಸೆಕೆಂಡ್ ಇರುತ್ತದೆ. ಎಸ್‌ಎಸ್‌ಎಸ್‌ಡಿ ಜೊತೆ ಅದು ದಂಡ.

ಮೌಂಟ್_ಮಾದ

ಇಬ್ಬರಿಗೂ ಧನ್ಯವಾದ. ಕಂಟೆಂಟ್‌ನಲ್ಲಿ ಸೊನ್ನೆ ಸಾಲುಗಳಿದ್ದವು, ಫ್ಲಶ್ ಮಾಡಿದೊಡನೆ ಹೋದವು. ಆದರೆ ಒಂದು ಕ್ಲೈಂಟ್‌ನಲ್ಲಿ ಮಾತ್ರ, ಸರ್ವರ್‌ನ ಕಂಟೆಂಟ್‌ನಲ್ಲಿ ಹೊಸ ಜಿಐಡಿ ಇದ್ದರೂ, ಒಂದು ಫೋಲ್ಡರ್ ತೆರೆಯುತ್ತಿಲ್ಲ. ಅದೇ ಬಳಕೆದಾರರಿಗೆ ಬೇರೆ ಕ್ಲೈಂಟ್‌ನಲ್ಲಿ ತೆರೆಯುತ್ತದೆ.

ಪೋರ್ಟ್2049

ಅದು ಕ್ಲೈಂಟ್‌ನ ಆಕ್ಸೆಸ್ ಕ್ಯಾಶ್. ಈ ಮೊದಲು ಸರ್ವರ್ ‘ಇಲ್ಲ’ ಅಂದ ಉತ್ತರವನ್ನು ಕ್ಲೈಂಟ್ ಇಟ್ಟುಕೊಂಡಿದೆ, ಆ ಡೈರೆಕ್ಟರಿಯ ಗುಣಲಕ್ಷಣ ಬದಲಾಗುವವರೆಗೆ ಮತ್ತೆ ಕೇಳುವುದಿಲ್ಲ. ಗ್ರೂಪ್ ಸದಸ್ಯತ್ವ ಬದಲಾದರೆ ಡೈರೆಕ್ಟರಿಯ ಸಿಟೈಮ್ (ಗುಣಲಕ್ಷಣ ಕೊನೆಯದಾಗಿ ಬದಲಾದ ಸಮಯ) ಬದಲಾಗುವುದಿಲ್ಲವಲ್ಲ.

ಸರ್ವರ್‌ನಲ್ಲಿ ಆ ಡೈರೆಕ್ಟರಿಗೆ ಈಗಿರುವ ಮೋಡನ್ನೇ (ಅನುಮತಿ ಸಂಖ್ಯೆ) ಮತ್ತೆ ಸಿಎಚ್‌ಮೋಡ್ ಮಾಡಿ. ಅನುಮತಿ ಬದಲಾಗುವುದಿಲ್ಲ, ಸಿಟೈಮ್ ಮುಂದೆ ಹೋಗುತ್ತದೆ. ಡೀಫಾಲ್ಟ್ ಮೌಂಟ್ ಆಯ್ಕೆಗಳಲ್ಲಿ 60 ಸೆಕೆಂಡಿನೊಳಗೆ ಕ್ಲೈಂಟ್ ಅದನ್ನು ಗಮನಿಸಿ ಹಳೆಯ ಉತ್ತರ ಬಿಸಾಕುತ್ತದೆ. ಹೊಸ ಕರ್ನೆಲ್‌ಗಳಲ್ಲಿ ಬಳಕೆದಾರರು ಲಾಗೌಟ್ ಆಗಿ ಮತ್ತೆ ಲಾಗಿನ್ ಆದರೂ ಸಾಕು. ಇದಕ್ಕಾಗಿ ಮೌಂಟ್‌ಗೆ ನೋಎಸಿ (ಗುಣಲಕ್ಷಣ ಕ್ಯಾಶ್ ಬೇಡವೆಂಬ ಆಯ್ಕೆ) ಹಾಕಲು ಹೋಗಬೇಡಿ, ಪ್ರತಿ ಹೆಜ್ಜೆಗೂ ಗೆಟ್‌ಅಟ್ಟ್ರ್ (ಗುಣಲಕ್ಷಣ ಕೇಳುವ ಕೋರಿಕೆ) ಹೋಗಿ ಇಡೀ ಶೇರ್ ತೆವಳುತ್ತದೆ.

ಕರ್ನೆಲ್_ಕಟ್ಟೆ

ಅದೇ ಡೈರೆಕ್ಟರಿಯನ್ನು ಸಾಂಬಾ ಮೂಲಕ ವಿಂಡೋಸ್‌ನವರಿಗೂ ಕೊಟ್ಟಿದ್ದರೆ ಮೇಲಿನ ಯಾವ ಅಂಕಿಯೂ ಅವರಿಗೆ ಅನ್ವಯಿಸದು. ಅಲ್ಲಿ ಗ್ರೂಪ್ ಪಟ್ಟಿ ಸೆಷನ್ ಶುರುವಾದಾಗ ನಿಗದಿಯಾಗುತ್ತದೆ, ಕರ್ಬರೋಸ್ ಟಿಕೆಟ್ (ಡೊಮೈನ್ ಕಂಟ್ರೋಲರ್ ಕೊಡುವ ಗುರುತಿನ ಚೀಟಿ) ಒಳಗೇ ಬಂದಿರುತ್ತದೆ. ವಿಂಡೋಸ್‌ನಿಂದ ಸೈನ್ ಔಟ್ ಆಗಿ ಮತ್ತೆ ಬರುವಂತೆ ಹೇಳಿ. ಸರ್ವರ್ ಕಡೆ ಎಷ್ಟು ಫ್ಲಶ್ ಮಾಡಿದರೂ ಆ ಟಿಕೆಟ್ ಹಳೆಯದೇ.