ಡೇಟಾಬೇಸ್ ಸಂಪರ್ಕ ನಡುವೆ ಕಡಿದುಹೋದರೆ ನಿಭಾಯಿಸುವುದು ಹೇಗೆ? (ಅನುಭವ ಹಂಚಿಕೆ)

ಪ್ರಶ್ನೆ: ನಮ್ಮ ಬಿಲ್ಲಿಂಗ್ ತಂತ್ರಾಂಶ ಜಾವಾದಲ್ಲಿದೆ. ಪ್ರತಿ ಶಾಖೆಯ ಲಿನಕ್ಸ್ ಯಂತ್ರವೂ ಬೆಳಿಗ್ಗೆ ಮುಖ್ಯ ಕಚೇರಿಯ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ವ್ಯವಸ್ಥೆ) ಮೂಲಕ ಒಂದು ಸಂಪರ್ಕ ತೆರೆದು ಸಂಜೆಯವರೆಗೆ ಅದನ್ನೇ ಬಳಸುತ್ತದೆ. ಊಟದ ಬಿಡುವಿನ ನಂತರದ ಮೊದಲ ಬಿಲ್ ಸುಮಾರು ಕಾಲು ಗಂಟೆ ಸಿಕ್ಕಿಕೊಂಡು, ಕೊನೆಗೆ ದೋಷ ತೋರಿಸುತ್ತದೆ. ಕೆಲವೊಮ್ಮೆ ನೆಟ್‌ವರ್ಕ್ ಹೋಗಿ ಬಂದ ಮೇಲೆ ಒಂದೇ ಬಿಲ್ ಎರಡು ಸಲ ದಾಖಲಾಗಿರುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಆ ಕಾಲು ಗಂಟೆಯಲ್ಲೇ ಕಾರಣದ ಸುಳಿವಿದೆ. ಬಿಡುವಿನಲ್ಲಿ ಯಾವ ಮಾಹಿತಿಯೂ ಓಡಾಡದ ಕಾರಣ ಫೈರ್‌ವಾಲ್ ನಿಮ್ಮ ಸಂಪರ್ಕವನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿರುತ್ತದೆ. ಎರಡೂ ತುದಿಯ ಯಂತ್ರಗಳಿಗೆ ಅದು ತಿಳಿದಿರುವುದಿಲ್ಲ. ಹೊಸ ಬಿಲ್ ಕಳುಹಿಸಿದಾಗ, ಉತ್ತರ ಬಾರದ ಪ್ಯಾಕೆಟ್ ಅನ್ನು (ಮಾಹಿತಿಯ ತುಣುಕನ್ನು) ಲಿನಕ್ಸ್ ಅಂತರ ಹೆಚ್ಚಿಸುತ್ತಾ 15 ಸಲ ಮತ್ತೆ ಕಳುಹಿಸಿ, ಸುಮಾರು 924 ಸೆಕೆಂಡುಗಳ ನಂತರವಷ್ಟೇ ಸಂಪರ್ಕ ಸತ್ತಿದೆ ಎಂದು ಒಪ್ಪಿಕೊಳ್ಳುತ್ತದೆ. ಕೀಪ್‌ಅಲೈವ್ (ಸುಮ್ಮನಿರುವ ಸಂಪರ್ಕ ಜೀವಂತವಿದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆ) ಕಾಪಾಡುತ್ತದೆಂದು ನಂಬಿ ಕೂರುವಂತಿಲ್ಲ: ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್‌ನಲ್ಲಿ (ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗದಲ್ಲಿ) ನಾವಾಗಿ ಹಾಕದಿದ್ದರೆ ಅದು ಕೆಲಸ ಮಾಡುವುದಿಲ್ಲ, ಹಾಕಿದರೂ ಲಿನಕ್ಸ್ ಮೊದಲ ಪರೀಕ್ಷೆ ಮಾಡುವುದು 7200 ಸೆಕೆಂಡುಗಳ ನಂತರ. ಆ ಅವಧಿಯನ್ನು ಫೈರ್‌ವಾಲ್‌ನ ಗಡುವಿಗಿಂತ ಕಡಿಮೆಗೆ, ಉದಾಹರಣೆಗೆ 60 ಸೆಕೆಂಡಿಗೆ ಇಳಿಸಿರಿ. ಸಾಕೆಟ್ ಟೈಮ್‌ಔಟ್ (ಉತ್ತರಕ್ಕಾಗಿ ಕಾಯುವ ಗಡುವು) ಕೂಡ ಮೂಲತಃ ಸೊನ್ನೆ, ಅಂದರೆ ಮಿತಿಯಿಲ್ಲದ ಕಾಯುವಿಕೆ. ನಿಮ್ಮ ಅತ್ಯಂತ ನಿಧಾನದ ವರದಿಗೆ ಬೇಕಾಗುವ ಸಮಯಕ್ಕಿಂತ ತುಸು ಹೆಚ್ಚು ಕೊಡಿ.

ಎರಡು ಸಲ ದಾಖಲಾಗುವುದು ಇದಕ್ಕಿಂತ ಗಂಭೀರವಾದದ್ದು, ಹೆಚ್ಚಿನ ಗಮನ ಅದಕ್ಕೇ ಸಲ್ಲಬೇಕು. ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವ) ಆದೇಶ ಸರ್ವರ್ ತಲುಪಿ, ಬಿಲ್ ದಾಖಲಾಗಿ, "ಆಯಿತು" ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ, ತಂತ್ರಾಂಶಕ್ಕೆ ಕಾಣುವುದು ಸಂಪರ್ಕ ದೋಷವೊಂದೇ. ಕಮಿಟ್ ತಲುಪುವ ಮೊದಲೇ ತಂತಿ ಕಡಿದಿದ್ದರೂ ಕಾಣುವುದು ಅದೇ ದೋಷ. ಆದ್ದರಿಂದ ದೋಷ ಬಂದ ಕೂಡಲೇ ಮರುಪ್ರಯತ್ನಿಸುವುದು ಅಪಾಯ, ಪ್ರಯತ್ನಿಸದೆ ಬಿಡುವುದೂ ಅಪಾಯ. ಇದಕ್ಕೆ ನಾನು ನೆಚ್ಚಿಕೊಂಡಿರುವ ಉಪಾಯವೆಂದರೆ, ಬಿಲ್‌ನ ಗುರುತನ್ನು ಸರ್ವರ್‌ಗೆ ಬಿಡದೆ ಶಾಖೆಯಲ್ಲಿಯೇ ಮೊದಲು ಒಂದು ಯುಯುಐಡಿಯಾಗಿ (ಬೇರೆಲ್ಲೂ ಮರುಕಳಿಸದಂಥ ಗುರುತು) ಸೃಷ್ಟಿಸಿ, ಆ ಕಾಲಮ್‌ಗೆ ಯೂನಿಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆ) ಹಾಕಿ, "ಇನ್ಸರ್ಟ್ ... ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್" (ಸೇರಿಸು, ಆ ಗುರುತು ಆಗಲೇ ಇದ್ದರೆ ಏನೂ ಮಾಡಬೇಡ) ಎಂದು ಬರೆಯುವುದು. ಮರುಪ್ರಯತ್ನದಲ್ಲಿಯೂ ಅದೇ ಗುರುತು ಹೋಗಬೇಕು. ಹಳೆಯ ವ್ಯವಹಾರ (ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ಕಮಿಟ್ ಆಗುವ ಆದೇಶಗಳ ಗುಂಪು) ಸರ್ವರ್‌ನಲ್ಲಿ ಇನ್ನೂ ತೆರೆದಿದ್ದರೆ ಹೊಸ ಇನ್ಸರ್ಟ್ ಅದು ಮುಗಿಯುವವರೆಗೆ ಕಾಯುತ್ತದೆ, ಹಾಗಾಗಿ ನಡುವಿನ ಸಂದಿಯಲ್ಲೂ ನಕಲು ನುಸುಳುವುದಿಲ್ಲ. ಗುರುತು ಹಾಕಲಾಗದ ಕಡೆ, ವ್ಯವಹಾರದ ಸಂಖ್ಯೆಯನ್ನು ಮೊದಲೇ ಪಡೆದಿಟ್ಟುಕೊಂಡು, ಅದು ಕಮಿಟ್ ಆಯಿತೇ ಎಂದು ಹೊಸ ಸಂಪರ್ಕದಿಂದ ಕೇಳುವ ಸೌಲಭ್ಯ ಪೋಸ್ಟ್‌ಗ್ರೆಸ್ 10ರಿಂದ ಇದೆ.

ಉತ್ತರ 2: ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಸರ್ವರ್‌ನ ಕಡೆಯನ್ನೂ ನೋಡಿಕೊಳ್ಳಿ: ಶಾಖೆ ಮಾಯವಾದರೂ ಅದರ ಅರ್ಧಂಬರ್ಧ ವ್ಯವಹಾರ ಹಿಡಿದಿಟ್ಟ ಲಾಕ್ (ದತ್ತಾಂಶದ ಮೇಲಿನ ಬೀಗ) ಉಳಿದು, ಉಳಿದ ಶಾಖೆಗಳನ್ನೂ ತಡೆಯುತ್ತದೆ. ಕೆಲಸವಿಲ್ಲದೆ ತೆರೆದು ಕುಳಿತ ವ್ಯವಹಾರಕ್ಕೆ ಗಡುವು ಹಾಕುವ ವ್ಯವಸ್ಥೆ ಪೋಸ್ಟ್‌ಗ್ರೆಸ್ 9.6ರಿಂದ ಇದ್ದರೂ ಮೂಲತಃ ಅದು ಚಾಲನೆಯಲ್ಲಿರುವುದಿಲ್ಲ, ನೀವೇ ಹಾಕಬೇಕು. ಮುಂದೆ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಹೋಗುವುದಾದರೆ ಅದರ ತಾನಾಗಿ ಮರುಸಂಪರ್ಕಿಸುವ ಆಯ್ಕೆಯನ್ನು ಬಳಸಬೇಡಿ. ತಾತ್ಕಾಲಿಕ ಕೋಷ್ಟಕ, ಲಾಕ್, ನಡೆಯುತ್ತಿದ್ದ ವ್ಯವಹಾರ ಎಲ್ಲವೂ ಹೋಗಿರುತ್ತವೆ, ಮುಂದಿನ ಆದೇಶ ಮಾತ್ರ ಏನೂ ಆಗಿಲ್ಲವೆಂಬಂತೆ ನಡೆದುಬಿಡುತ್ತದೆ.

ಪರೀಕ್ಷಿಸುವಾಗ ಡೇಟಾಬೇಸ್ ನಿಲ್ಲಿಸಿ ನೋಡಿದರೆ ಸಾಲದು. ಆಗ ಸರ್ವರ್ ಸಂಪರ್ಕ ಮುಚ್ಚುತ್ತಿರುವುದಾಗಿ ತಾನೇ ತಿಳಿಸುತ್ತದೆ, ದೋಷ ತಕ್ಷಣ ಬರುತ್ತದೆ. ಶಾಖೆಯ ಯಂತ್ರದಲ್ಲಿ ಐಪಿಟೇಬಲ್ಸ್ (ಲಿನಕ್ಸ್‌ನದೇ ಫೈರ್‌ವಾಲ್ ಸಾಧನ) ಮೂಲಕ ಪೋಸ್ಟ್‌ಗ್ರೆಸ್ ಬಳಸುವ 5432ನೇ ಪೋರ್ಟ್‌ನ ಪ್ಯಾಕೆಟ್‌ಗಳನ್ನು ಡ್ರಾಪ್ ಮಾಡಿರಿ (ಸದ್ದಿಲ್ಲದೆ ಎಸೆಯಿರಿ), ರಿಜೆಕ್ಟ್ (ನಿರಾಕರಣೆಯನ್ನು ತಿಳಿಸುವುದು) ಅಲ್ಲ. ಒಮ್ಮೆ ಹೊರಹೋಗುವವನ್ನು, ಇನ್ನೊಮ್ಮೆ ಒಳಬರುವವನ್ನು ಮಾತ್ರ. ಒಳಬರುವುದನ್ನು ಕಮಿಟ್‌ನ ಹೊತ್ತಿಗೆ ಸರಿಯಾಗಿ ತಡೆದರೆ, ನಿಮ್ಮ ಎರಡನೆಯ ತೊಂದರೆ ಕಣ್ಣೆದುರೇ ಮರುಕಳಿಸುತ್ತದೆ.